ಜಗಲಿಯ ವೈಫೈ ಮೆತ್ತಿಗೆ ಹತ್ತಿದ್ದು

ಶಿರಸಿ ಕಡೆಯ ನಮ್ಮ ಹಳೇ ಮನೆಗೆ ಚಿರೆಕಲ್ಲಿನ ಗೋಡೆ, ಒಂದೂವರೆ ಅಡಿ ದಪ್ಪ. ಫೈಬರ್ ಬಂದು ನಿಂತಿದ್ದು ಜಗಲಿಯಲ್ಲಿ. ನಾನು ಆಫೀಸ್ ಕೆಲಸಕ್ಕೆ ಕೂರುವುದು ಹಿಂಬದಿಯ ಮೆತ್ತಿನ (ಮಹಡಿಯ) ಮೇಲೆ. ಕೆಳಗೆ 90 ಎಂಬಿಪಿಎಸ್, ಮೇಲೆ ಹತ್ತಿದರೆ 3. ಮೀಟಿಂಗ್ ನಡುವೆ ಲ್ಯಾಪ್‌ಟಾಪ್ ಹಿಡಿದು ಮೆಟ್ಟಿಲಿಳಿಯುವುದೇ ಆಗಿತ್ತು.

ಮೊದಲು ಪ್ಲಗ್ಗಿಗೆ ಸಿಕ್ಕಿಸುವ ರಿಪೀಟರ್ ತಂದೆ. ಅಗ್ಗದ್ದು ಒಂದೇ ರೇಡಿಯೋದಲ್ಲಿ ಕೇಳಿಸಿಕೊಂಡು ಅದರಲ್ಲೇ ತಿರುಗಿ ಹೇಳುತ್ತದೆ, ಹಾಗಾಗಿ ಅರ್ಧ ಸ್ಪೀಡ್ ಅಲ್ಲೇ ಖರ್ಚು. ಜೊತೆಗೆ ಅದಕ್ಕೆ ಸಿಗ್ನಲ್ ಸರಿಯಾಗಿ ಸಿಗುವ ಜಾಗ ದೇವರ ಕೋಣೆ. ಆಯಿ ಒಪ್ಪಲಿಲ್ಲ.

ಕಪಾಟಿನಲ್ಲಿ ಹಳೇ ರೂಟರ್ ಒಂದು ಸುಮ್ನೆ ಬಿದ್ದಿತ್ತು. ಜಗಲಿಯ ರೂಟರಿನಿಂದ ನೆಟ್‌ವರ್ಕ್ ಕೇಬಲ್ ಎಳೆದು ಅದನ್ನೇ ಮೇಲಿಡೋಣ ಅಂತ ಹೊರಟೆ. ತೊಲೆಗುಂಟ ಹೋದರೆ 25 ಮೀಟರ್ ಸಾಕು. ಈ ಕೇಬಲ್ 100 ಮೀಟರ್‌ವರೆಗೂ ನಡೆಯುತ್ತದೆ. ಅಂಗಡಿಯಲ್ಲಿ ತಾಮ್ರ ಲೇಪಿಸಿದ ಅಲ್ಯೂಮಿನಿಯಂ ತಂತಿ ಕಮ್ಮಿಗೆ ಸಿಗುತ್ತದೆ, ಅದು ಬೇಡ. ಪೂರ್ತಿ ತಾಮ್ರದ ಕ್ಯಾಟ್ 6 ದರ್ಜೆಯ ಕೇಬಲ್ ತಂದೆ.

ತುದಿಗೆ ಕನೆಕ್ಟರ್ ಹಾಕುವಾಗ ಎಡವಿದೆ. ಎಂಟು ತಂತಿ, ನಾಲ್ಕು ಜೋಡಿ. ಕಿತ್ತಳೆ, ಹಸಿರು, ನೀಲಿ, ಕಂದು ಅಂತ ಜೋಡಿ ಜೋಡಿಯಾಗಿ ನೀಟಾಗಿ ಕೂರಿಸಿ ಇಕ್ಕಳದಲ್ಲಿ ಒತ್ತಿ ಕ್ರಿಂಪ್ ಮಾಡಿದೆ. ಎರಡೂ ತುದಿಗೂ ಒಂದೇ ಕ್ರಮ, ಟೆಸ್ಟರ್‌ನ ಎಂಟೂ ದೀಪ ಸಾಲಾಗಿ ಹತ್ತಿದವು. ಆದರೆ ಲಿಂಕ್ ಬರುತ್ತದೆ, ಹೋಗುತ್ತದೆ. ಅರ್ಧ ದಿನ ರೂಟರನ್ನೇ ಬೈದೆ.

ಮೂರನೇ ಮತ್ತು ಆರನೇ ಪಿನ್‌ಗೆ ಒಂದೇ ಜೋಡಿಯ ತಂತಿಗಳು ಹೋಗಬೇಕು. ನನ್ನದರಲ್ಲಿ ಒಂದು ಹಸಿರು ಜೋಡಿಯದ್ದು, ಇನ್ನೊಂದು ನೀಲಿ ಜೋಡಿಯದ್ದು. ತಂತಿಗಳನ್ನು ಹೆಣೆದಿರುವುದೇ ಪಕ್ಕದ ಜೋಡಿಯ ಗದ್ದಲ ಒಳಗೆ ಬಾರದಿರಲಿ ಅಂತ. ಆ ಹೆಣಿಗೆಯ ಲಾಭವನ್ನೇ ನಾನು ಕಳೆದಿದ್ದೆ. ಟೆಸ್ಟರ್‌ಗೆ ಇದು ಕಾಣುವುದಿಲ್ಲ, ತಂತಿ ತುಂಡಾಗಿಲ್ಲ ಅಂತಷ್ಟೇ ಹೇಳುತ್ತದೆ. ಕತ್ತರಿಸಿ ಮತ್ತೆ ಹಾಕಿದೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಲಿಂಕ್ ಗಟ್ಟಿಯಾಗಿ ನಿಂತಿತು.

ಸೆಟ್ಟಿಂಗ್‌ನಲ್ಲಿ ಜಾಸ್ತಿ ಕೆಲಸವಿಲ್ಲ, ಆದರೆ ಎರಡನ್ನೂ ಜೋಡಿಸುವ ಮೊದಲೇ ಮಾಡಿಕೊಳ್ಳಬೇಕು. ಜಗಲಿಯ ರೂಟರಿನ ವಿಳಾಸ 192.168.1.1. ಹಳೆಯದ್ದರದ್ದೂ ಅದೇ ಇತ್ತು, 192.168.1.2 ಮಾಡಿದೆ. ಅದರ ಡಿಎಚ್‌ಸಿಪಿ, ಅಂದರೆ ಫೋನು, ಲ್ಯಾಪ್‌ಟಾಪ್‌ಗಳಿಗೆ ವಿಳಾಸ ಕೊಡುವ ಕೆಲಸ, ಆಫ್. ಮನೆಗೆ ವಿಳಾಸ ಹಂಚುವ ಯಜಮಾನ ಒಬ್ಬನೇ ಇರಬೇಕು, ಇಬ್ಬರಾದರೆ ಜಗಳ ಗ್ಯಾರಂಟಿ. ಕೇಬಲ್ಲನ್ನು ಹಳೆಯದ್ದರ ವ್ಯಾನ್ ಪೋರ್ಟ್‌ಗಲ್ಲ (ಅದು ಹೊರಗಿನ ಇಂಟರ್ನೆಟ್ ಬರುವ ಕಿಂಡಿ), ಮನೆಯೊಳಗಿನ ಸಾಧನಗಳಿಗಿರುವ ಲ್ಯಾನ್ ಪೋರ್ಟ್‌ಗೆ ಸಿಕ್ಕಿಸಿದೆ. ವೈಫೈ ಹೆಸರು, ಪಾಸ್‌ವರ್ಡ್ ಎರಡಕ್ಕೂ ಒಂದೇ. ಒಂದರ ಸಿಗ್ನಲ್ ಇನ್ನೊಂದಕ್ಕೆ ಅಡ್ಡ ಬಾರದಿರಲಿ ಅಂತ 2.4 ಗಿಗಾಹರ್ಟ್ಸ್‌ನಲ್ಲಿ ಕೆಳಗೆ ಚಾನೆಲ್ 1, ಮೇಲೆ 6.

"ಬಂತಾ ತಮಾ?" ಅಂತ ಆಯಿ ಕೆಳಗಿಂದ ಕೂಗಿದಳು. ಬಂದಿತ್ತು, 85.

ಒಂದು ಕಿರಿಕಿರಿ ಉಳಿದಿದೆ. ಮೆತ್ತು ಹತ್ತಿದರೂ ಫೋನು ಜಗಲಿಯ ಸಿಗ್ನಲ್ಲನ್ನೇ ಹಿಡಿದುಕೊಂಡಿರುತ್ತದೆ. ಯಾವುದಕ್ಕೆ ಅಂಟಬೇಕು ಅನ್ನುವುದು ಫೋನಿನದ್ದೇ ತೀರ್ಮಾನ, ಅಲ್ವಾ? ವೈಫೈ ಆಫ್ ಮಾಡಿ ಆನ್ ಮಾಡುತ್ತೇನೆ. ಗುಡುಗು ಶುರುವಾದರೆ ಆಯಿಯೇ ಎರಡೂ ಕಡೆ ಪ್ಲಗ್ ಕೀಳುತ್ತಾಳೆ. ಕೇಬಲ್ಲಿನ ತುದಿಯನ್ನೂ ಕೀಳಬೇಕು ಅಂತ ಹೇಳಿಕೊಟ್ಟಿದ್ದೇನೆ.