ಮಗಳಿಗೆ ಜೆಂಟ್ಸ್ ಶರ್ಟ್ ಹೊಲಿದುಕೊಟ್ಟೆ

ನಾನು ದಾವಣಗೆರೆಯಲ್ಲಿ ಜೆಂಟ್ಸ್ ಟೈಲರ್. ಮಗಳು ಡಿಗ್ರಿ ಕೊನೇ ವರ್ಷ. ಚೂಡಿದಾರ ಅಂದರೆ ಅವಳಿಗೆ ಮೊದಲಿಂದಲೂ ಆಗದು. ಅಂಗಡಿಗೆ ಬಂದರೆ ಶರ್ಟ್ ಪೀಸುಗಳನ್ನೇ ಮುಟ್ಟಿ ಮುಟ್ಟಿ ನೋಡುತ್ತಿದ್ದಳು. ಕಾಲೇಜು ಸೇರಿದ ಮೇಲೆ ಬಾಯಿಬಿಟ್ಟು ಕೇಳಿದಳು: "ಅಪ್ಪಾ, ನಂಗೊಂದು ಫುಲ್ ತೋಳಿನ ಶರ್ಟ್ ಹೊಲಿದು ಕೊಡು. ಗುಂಡಿ ಬಲಗಡೆ ಇರಲಿ."

ಗಂಡಸರ ಶರ್ಟಿನಲ್ಲಿ ಗುಂಡಿ ಬಲಕ್ಕೆ, ಕಾಜಾ ಎಡಕ್ಕೆ. ಹೆಂಗಸರದ್ದು ಇದಕ್ಕೆ ಉಲ್ಟಾ. ಎದುರಿಗೆ ನಿಂತವರಿಗೆ ಗೊತ್ತೇ ಆಗಲ್ಲ. ಅವಳಿಗೆ ಮಾತ್ರ ಅದೇ ಮುಖ್ಯ. ಯಾಕೆ ಅಂತ ನಾನು ಕೇಳಲಿಲ್ಲ. ಗಿರಾಕಿ ಎರಡು ಜೇಬು ಇಡಿ ಅಂದರೆ ಯಾಕೆ ಅಂತ ಕೇಳ್ತೀವಾ?

ಅಳತೆಯನ್ನು ಅವಳ ಮೈಮೇಲೆ ತೆಗೆಯಲಿಲ್ಲ. ಹಿತವಾಗಿ ಕೂರುವ ಒಂದು ಹಳೇ ಶರ್ಟ್ ತಗೊಂಡು ಬಾ ಅಂದೆ. ಟೇಪ್ ಹಿಡಿಯುವುದಕ್ಕೆ ಅವಳಿಗೆ ಮುಜುಗರ ಅಂತ ನನಗೆ ಗೊತ್ತಿತ್ತು. ಅಳತೆ ಬಟ್ಟೆ ಇದ್ದರೆ ಮುಕ್ಕಾಲು ಕೆಲಸ ಆದ ಹಾಗೆ.

ಹುಡುಗರ ಕಟಿಂಗನ್ನೇ ಚಿಕ್ಕದು ಮಾಡಿದರೆ ಆಗಲ್ಲ. ಚೆಸ್ಟ್ ಸರಿಯಾದರೆ ಶೋಲ್ಡರ್ ಇಳಿಬೀಳುತ್ತದೆ. ಶೋಲ್ಡರ್ ಸರಿಯಾದರೆ ಕೆಳಗಡೆ ಸೀಟಿನ ಹತ್ತಿರ, ಅಂದರೆ ಹಿಂಭಾಗದ ಸುತ್ತ, ಹಿಡಿದುಕೊಳ್ಳುತ್ತದೆ. ಅದಕ್ಕೇ ಶೋಲ್ಡರನ್ನು ಅವಳ ಅಳತೆಗೇ ಇಟ್ಟೆ. ಚೆಸ್ಟಿಗೆ ನಾನು ಸಾಮಾನ್ಯವಾಗಿ 4 ಇಂಚು ಲೂಸ್ ಬಿಡುತ್ತೇನೆ, ಅವಳಿಗೆ 6 ಬಿಟ್ಟೆ. ಸೊಂಟದಲ್ಲಿ ಶೇಪ್ ಕೊಡಲಿಲ್ಲ, ಮೈಗೆ ಹೊಂದಿಸಲು ಹಿಡಿಯುವ ಮಡಿಕೆ, ಅಂದರೆ ಟಕ್ಸ್, ಹಿಡಿಯಲಿಲ್ಲ. ಬೆನ್ನಿಗೆ ಒಂದು ಬಾಕ್ಸ್ ಪ್ಲೀಟ್, ಮುಂದೆ ಮುಚ್ಚಳ ಇರುವ ಎರಡು ಜೇಬು. ಬಟ್ಟೆ ಸ್ವಲ್ಪ ದಪ್ಪ ಕಾಟನ್. ತೆಳು ಬಟ್ಟೆ ಮೈಗೆ ಅಂಟುತ್ತದೆ, ದಪ್ಪದ್ದು ಎದೆಯಿಂದ ನೇರ ಕೆಳಗಿಳಿಯುತ್ತದೆ. ಇದನ್ನು ಒತ್ತಿ ಹೇಳುತ್ತೇನೆ, ಯಾಕಂದ್ರೆ ಕೆಲವು ಮಕ್ಕಳು ಎದೆ ಕಾಣಬಾರದು ಅಂತ ಒಳಗೆ ಬಟ್ಟೆ ಬಿಗಿದು ಕಟ್ಟಿಕೊಳ್ಳುತ್ತಾರೆ. ಉಸಿರಾಟಕ್ಕೆ ತೊಂದರೆ, ಪಕ್ಕೆಲುಬು ನೋವು ಎಲ್ಲಾ ಬರುತ್ತದೆ. ಒಳ್ಳೇ ಕಟಿಂಗ್ ಆ ಕಷ್ಟವನ್ನು ಎಷ್ಟೋ ಕಡಿಮೆ ಮಾಡುತ್ತದೆ.

ಪ್ಯಾಂಟಿನದ್ದು ಇಷ್ಟೇ: ಸೀಟ್ ಅಳತೆಗೆ ಕತ್ತರಿಸಿ, ಸೊಂಟವನ್ನು ಹಿಂದಿನ ಮಧ್ಯದ ಹೊಲಿಗೆಯಲ್ಲಿ ಒಳಗೆ ತಗೊಳ್ಳಬೇಕು. ಜೇಬು ಆಳವಾಗಿರಲಿ.

ಟ್ರಯಲ್ ಹಾಕಿಕೊಂಡವಳು ಕನ್ನಡಿ ಮುಂದೆ ಕಾಲರ್ ಎಳೆದು, ಕಫ್ ಗುಂಡಿ ಹಾಕಿ, ತೆಗೆದು, ಮತ್ತೆ ಹಾಕಿದಳು. ಬೆನ್ನು ನೆಟ್ಟಗಾಗಿತ್ತು. ಆಗ ಅವಳೇ ಅಂದಳು: "ನಾನು ಹುಡುಗನಾ ಹುಡುಗಿನಾ ಅಂತ ಈಗಲೇ ಕೇಳಬೇಡಪ್ಪಾ. ನಂಗೂ ಅಷ್ಟೆಲ್ಲಾ ಗೊತ್ತಿಲ್ಲ." ಗೊತ್ತಾದಾಗ ಹೇಳು, ಹೇಳದಿದ್ದರೂ ಪರವಾಗಿಲ್ಲ ಅಂದೆ. ಮನಸ್ಸಿಟ್ಟೇ ಹೇಳಿದ ಮಾತು ಅದು.

ನೆಂಟರು ಸುಮ್ನಿರಲ್ಲ, ಅಲ್ವಾ? "ನಾಳೆ ಗಂಡು ನೋಡೋಕೆ ಬಂದರೆ ಏನ್ ಮಾಡ್ತೀರಿ ಭಾವ?" ಅಂತ ನನ್ನ ಹೆಂಡತಿಯ ತಮ್ಮ ಕೇಳಿದ. ಅವನಿಗೆ ಎರಡು ವಿಷಯ ಹೇಳಿದೆ. ಲಿಂಗತ್ವ ಅಲ್ಪಸಂಖ್ಯಾತರ ಹಕ್ಕಿನ ಬಗ್ಗೆ 2014ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಲ್ಲಿ, ಉಡುಪಿನ ಮೂಲಕ ತಾನು ಯಾರೆಂದು ತೋರಿಸಿಕೊಳ್ಳುವುದೂ ಸಂವಿಧಾನದ 19ನೇ ವಿಧಿಯ ಅಭಿವ್ಯಕ್ತಿ ಸ್ವಾತಂತ್ರ್ಯದೊಳಗೇ ಬರುತ್ತದೆ ಅಂದಿದೆ. ಕೇರಳದ ಬಾಲುಶ್ಶೇರಿಯ ಸರ್ಕಾರಿ ಶಾಲೆಯಲ್ಲಿ 2021ರಲ್ಲೇ ಹುಡುಗಿಯರಿಗೂ ಪ್ಯಾಂಟು-ಶರ್ಟು ಯೂನಿಫಾರಂ ಬಂತು. ಅವನು ಒಪ್ಪಲಿಲ್ಲ. ಒಪ್ಪಿಸುವ ಜವಾಬ್ದಾರಿ ನನ್ನ ಮಗಳದ್ದಲ್ಲ, ನನ್ನದು. ಹಬ್ಬದ ಮನೆಯಲ್ಲಿ ಯಾರಾದರೂ ಬಟ್ಟೆ ವಿಷಯ ತೆಗೆದರೆ ಅವಳಿಗಿಂತ ಮುಂಚೆ ನಾನೇ ಉತ್ತರ ಕೊಡುತ್ತೇನೆ.

ಬೇರೆ ಅಪ್ಪಂದಿರು ಮಗಳನ್ನು ಟೈಲರ್ ಹತ್ತಿರ ಕರ್ಕೊಂಡು ಹೋದರೆ ಮಾತು ನೀವೇ ಶುರು ಮಾಡಿ. "ಲೇಡೀಸ್ ಶರ್ಟಾ?" ಅಂತ ಕೇಳೇ ಕೇಳುತ್ತಾರೆ. "ಜೆಂಟ್ಸ್ ಕಟಿಂಗ್, ಶೇಪ್ ಬೇಡ, ಸೀಟಿನ ಹತ್ತಿರ ಲೂಸ್ ಇರಲಿ, ಹೊಲಿಗೆಯ ಒಳಗೆ ಬಟ್ಟೆ ಜಾಸ್ತಿ ಬಿಡಿ" ಅನ್ನಿ. ಅಳತೆ ಬಟ್ಟೆ ಕೈಯಲ್ಲಿರಲಿ.