ಲಿಸ್ಟಿನಲ್ಲಿಲ್ಲದ ಸ್ಟೀರಾಯ್ಡ್ ಹುಡುಕಿದ್ದು

ರಜೆಗೆ ಕಾರವಾರದ ಮನೆಗೆ ಹೋದಾಗ ಚಿಕ್ಕಪ್ಪನ ಮಗ ಒಂದು ಡಬ್ಬಿ ತಂದ. ಜಿಮ್‌ನಲ್ಲಿ ಯಾರೋ ಕೊಟ್ಟದ್ದಂತೆ. 'ಅಕ್ಕಾ, ಇದು ಟೆಸ್ಟಲ್ಲಿ ಸಿಗೂದಿಲ್ಲ ಅಂತಾರೆ, ಹೌದಾ?'

ನಾನು ಡೋಪಿಂಗ್ ಲ್ಯಾಬಿನಲ್ಲಿ ಮೂತ್ರದ ಸ್ಯಾಂಪಲ್ ಪರೀಕ್ಷೆ ಮಾಡುವವಳು. ನಾನೂ ಒಮ್ಮೆ ಇಂಥದ್ದರಲ್ಲೇ ಮೋಸ ಹೋಗಿದ್ದೆ.

ಟ್ರೈನಿಂಗಿನ ದಿನಗಳು. ಸರ್ ಒಂದು ಸ್ಯಾಂಪಲ್ ಕೊಟ್ಟು ಏನಿದೆ ಹೇಳು ಅಂದರು. ಎಂಜೈಮ್ ಹಾಕಿ 50 ಡಿಗ್ರಿಯಲ್ಲಿ ಒಂದು ತಾಸು ಇಟ್ಟೆ, ಈಥರ್‌ನಲ್ಲಿ ಎಳೆದು ಒಣಗಿಸಿದೆ, ಸುಲಭವಾಗಿ ಆವಿಯಾಗಲಿ ಅಂತ ಸಿಲೈಲ್ ರಿಯೇಜೆಂಟ್ ಸೇರಿಸಿ ಬಿಸಿ ಮಾಡಿ ಗ್ಯಾಸ್ ಕ್ರೊಮಾಟೋಗ್ರಾಫಿಗೆ (ಆವಿ ಮಾಡಿ ವಸ್ತುಗಳನ್ನು ಬೇರೆಬೇರೆ ಮಾಡುವ ಮಷೀನು) ಹಾಕಿದೆ. ನಾನು ಹುಡುಕುತ್ತಿದ್ದ ಮದ್ದುಗಳ ಲಿಸ್ಟಿನಲ್ಲಿದ್ದ ಒಂದೂ ಕಾಣಲಿಲ್ಲ. ಕ್ಲೀನ್ ಅಂತ ಬರೆದುಕೊಟ್ಟೆ. ಸರ್ ನಕ್ಕರು. ಅದರಲ್ಲಿದ್ದದ್ದು ಟಿಎಚ್‌ಜಿ, ನನ್ನ ಲಿಸ್ಟಿನಲ್ಲಿಲ್ಲದ ಒಂದು ಸ್ಟೀರಾಯ್ಡ್.

2003ರಲ್ಲಿ ಅಮೆರಿಕದ ಒಬ್ಬ ಕೋಚ್, ಯಾರೋ ಬಳಸಿದ್ದ ಸಿರಿಂಜ್ ಒಂದನ್ನು ಅಲ್ಲಿನ ಡೋಪಿಂಗ್ ವಿರೋಧಿ ಸಂಸ್ಥೆಗೆ ಕೊಟ್ಟ. ಡಾನ್ ಕ್ಯಾಟ್ಲಿನ್ ಅವರ ಲ್ಯಾಬು ಅದರಲ್ಲಿ ಹಿಡಿದದ್ದು ಇದನ್ನೇ. ನನ್ನ ಹಾಗೆ ತಯಾರಿ ಮಾಡಿದರೆ ಇದು ಚೂರುಚೂರಾಗಿ ಗದ್ದಲದಲ್ಲಿ ಕಳೆದುಹೋಗುತ್ತದೆ. ದ್ರವದಲ್ಲೇ ಬೇರೆಬೇರೆ ಮಾಡುವ ಲಿಕ್ವಿಡ್ ಕ್ರೊಮಾಟೋಗ್ರಾಫಿಗೆ ಆ ಸಿಲೈಲ್ ಸೇರಿಸುವ ಕೆಲಸವೇ ಬೇಡ. ಅದಕ್ಕೆ ಜೋಡಿಸಿದ ತೂಕ ನೋಡುವ ಮಷೀನಿನಲ್ಲಿ ನೋಡಿದರೆ 313 ತೂಕದ ಅಯಾನ್ (ಚಾರ್ಜ್ ಇರುವ ಕಣ), ಅದನ್ನು ಒಡೆದರೆ 241, 159 ತೂಕದ ಚೂರುಗಳು.

ಸರಿ, ಹೆಸರು ಗೊತ್ತಿದ್ದರೆ ಸುಲಭ ಅಲ್ವಾ. ಗೊತ್ತಿಲ್ಲದ್ದನ್ನು ಹುಡುಕುವಾಗ ಉಲ್ಟಾ ಹೋಗಬೇಕು: ಒಡೆದಾಗ 241 ಕೊಡುವುದು ಯಾವುದಿದ್ದರೂ ತೋರಿಸು ಅಂತ ಮಷೀನಿಗೆ ಹೇಳುವುದು. ಟಿಎಚ್‌ಜಿ ಮಾಡುವುದು ಜೆಸ್ಟ್ರಿನೋನ್ ಎಂಬ ಔಷಧಿಯಿಂದ, ಅದನ್ನು ಒಡೆದರೂ 241 ಬರುತ್ತದೆ. ಮೀನು ಮಾರ್ಕೆಟಿನಲ್ಲಿ ತಲೆ, ಬಾಲ ಇಲ್ಲದ ತುಂಡು ನೋಡಿಯೇ ನಮ್ಮ ಆಯಿ ಇದು ಇಸ್ವಾಣ ಅನ್ನುತ್ತಾಳಲ್ಲ, ಹಾಗೆ.

ಆದರೆ ಈ ದಾರಿಯಲ್ಲಿ ಕಸ ಜಾಸ್ತಿ. ಹೊಸದೇನೋ ಸಿಕ್ಕಿತು ಅಂತ ಎರಡು ದಿನ ಗ್ರಾಫಿನ ಒಂದು ಪೀಕಿನ ಹಿಂದೆ ಬಿದ್ದಿದ್ದೆ, ಊಟ ಕೂಡ ಸರಿಯಾಗಿ ಮಾಡಲಿಲ್ಲ. ಕೊನೆಗೆ ಬರೀ ನೀರನ್ನು ಅದೇ ಟ್ಯೂಬಿನಲ್ಲಿ ಹಾಕಿ ಓಡಿಸಿದರೆ ಅದೇ ಪೀಕು! ಟ್ಯೂಬಿನ ಪ್ಲಾಸ್ಟಿಕ್ಕಿನದು. ಅಂದಿನಿಂದ ಮೊದಲು ಬ್ಲ್ಯಾಂಕ್ (ಬರೀ ನೀರಿನ ಓಟ), ಆಮೇಲೆ ಖುಷಿ.

ಇದನ್ನೆಲ್ಲ ತಮ್ಮನಿಗೆ ಹೇಳಲಿಲ್ಲ, ಸುಮ್ನೆ ತಲೆ ತಿಂದ ಹಾಗೆ ಆಗುತ್ತಿತ್ತು. ಇವತ್ತು ಸಿಗದಿದ್ದರೂ ಸ್ಯಾಂಪಲನ್ನು ಫ್ರೀಜರಿನಲ್ಲಿಟ್ಟು 10 ವರ್ಷದ ತನಕ ಹೊಸ ವಿಧಾನದಲ್ಲಿ ಮತ್ತೆ ನೋಡಬಹುದು ಅಂದೆ, ಅಷ್ಟೇ.

'ಹತ್ತು ವರ್ಷಾನಾ?' ಅಂದ. ಚಾ ಕುಡಿದು ಎದ್ದು ಹೋದ. ಡಬ್ಬಿ ಜಗಲಿಯ ಮೇಲೇ ಉಳಿಯಿತು.