ಗಾಜಿನ ಬೀರುವಿನಲ್ಲಿ ಇಲ್ಲದ ರಿವಾಲ್ವರ್

"ಹಳೇ ವೆಬ್ಲಿ .32 ಇದ್ಯಾ?" ಅಂತ ಮೊದಲ ಸಲ ಕೇಳಿದಾಗ ಅಂಗಡಿಯವರು ತಲೆಯನ್ನೇ ಎತ್ತಲಿಲ್ಲ. ರಿಜಿಸ್ಟರಿನಲ್ಲಿ ಏನೋ ಬರೆಯುತ್ತಲೇ "ಕಾನ್ಪುರದ್ದು ಇದೆ, ತೋರಿಸ್ಲಾ?" ಅಂದರು. ಇದು 2021ರ ಮಾತು. ವೆಬ್ಲಿ ಅಂದರೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ಹಳೇ ಕಂಪನಿಯ ರಿವಾಲ್ವರ್; .32 ಅನ್ನುವುದು ಅದರ ಬೋರ್, ಅಂದರೆ ಇಂಚಿನಲ್ಲಿ ನಳಿಗೆಯ ಒಳ ಅಳತೆ. ಆಮೇಲೆ ಒಂದೂವರೆ ವರ್ಷ ನಾನು ಹೋದ ಪ್ರತಿ ಕೋವಿ ಅಂಗಡಿಯಲ್ಲೂ ಸುಮಾರು ಇದೇ ಉತ್ತರ.

ನನ್ನದು ಸಕಲೇಶಪುರದ ಕಡೆ ಸಣ್ಣ ಕಾಫಿ ತೋಟ. ಅಪ್ಪನ ಕಾಲದ ಜೋಡು ನಳಿಗೆ ಕೋವಿ ಮನೆಯಲ್ಲಿದೆ. ತೋಟದಲ್ಲಿ ಕೂಲಿ ಬಟವಾಡೆ, ರಾತ್ರಿ ಓಡಾಟ ಅಂತ ಅರ್ಜಿ ಹಾಕಿ, ಪೊಲೀಸ್ ವರದಿಗೆ ಅಲೆದು, ಕೊನೆಗೂ ಲೈಸೆನ್ಸಿಗೆ ರಿವಾಲ್ವರ್ ಸೇರಿಸಿಕೊಂಡೆ. ಅದು ಕಷ್ಟದ ಕೆಲಸ ಅಂದುಕೊಂಡಿದ್ದೆ. ನಿಜವಾದ ಕಷ್ಟ ಶುರುವಾದದ್ದು ಆಮೇಲೆ. ಲೈಸೆನ್ಸಿನಲ್ಲಿ ಆಯುಧ ಕೊಳ್ಳಲು ಒಂದು ಗಡುವು ಇರುತ್ತದೆ. ಅಷ್ಟರೊಳಗೆ ಸಿಗಬೇಕು. ಇಲ್ಲದಿದ್ದರೆ ಮತ್ತೆ ಡಿಸಿ ಆಫೀಸಿನ ಮೆಟ್ಟಿಲು.

ಹಳೇದೇ ಯಾಕೆ ಬೇಕು ಅಂತ ಎಲ್ಲರೂ ಕೇಳಿದರು. ಕಾನ್ಪುರದ ಸ್ಮಾಲ್ ಆರ್ಮ್ಸ್ ಫ್ಯಾಕ್ಟರಿಯ .32 ಕೂಡ ವೆಬ್ಲಿಯ ಹಾಗೇ ನಡು ಮಡಚಿ ತೆರೆಯುವಂಥದ್ದು. ಕೆಲಸಕ್ಕೆ ಧಾರಾಳ ಸಾಕು. 2020ರಲ್ಲಿ ಉತ್ತರ ಪ್ರದೇಶದ ಸಂಡೀಲಾದಿಂದ ವೆಬ್ಲಿ ಹೆಸರಿನಲ್ಲೇ ಹೊಸ ರಿವಾಲ್ವರ್ ಕೂಡ ಬಂತು. ಆದರೆ ನಾನು ಚಿಕ್ಕವನಿದ್ದಾಗ ಪಕ್ಕದ ಎಸ್ಟೇಟಿನ ಯಜಮಾನರು ಊಟದ ಮೇಜಿನ ಮೇಲೆ ಹಳೇ ಕಂಬಳಿ ಹಾಸಿ ಅವರ ವೆಬ್ಲಿಯನ್ನು ಒರೆಸುವುದನ್ನು ನೋಡಿದ್ದೆ. ಹೆಬ್ಬೆರಳಿನಿಂದ ಕೊಂಡಿ ಒತ್ತಿ ನಳಿಗೆ ಬಗ್ಗಿಸಿದರೆ ನಡುವಿನಿಂದ ನಕ್ಷತ್ರದ ಹಾಗಿರುವ ತುಂಡು ಮೇಲೆದ್ದು ಆರೂ ಖಾಲಿ ತೋಟಾಗಳನ್ನು ಒಟ್ಟಿಗೇ ಎತ್ತಿ ಬಿಸಾಡುತ್ತಿತ್ತು. ಅದೇ ಬೇಕಿತ್ತು. ಹುಚ್ಚು ಅನ್ನಿ, ಬೇಜಾರಿಲ್ಲ.

ಇವು ಯಾಕೆ ಸಿಗುವುದಿಲ್ಲ? 1980ರ ದಶಕದ ನಡುವಿನಲ್ಲಿ ಸರ್ಕಾರ ವಿದೇಶಿ ಕೋವಿಗಳನ್ನು ತರಿಸಿ ಮಾರುವುದನ್ನು ನಿಲ್ಲಿಸಿತು. ಸ್ಪರ್ಧೆಗೆ ಹೋಗುವ ನುರಿತ ಶೂಟರ್‌ಗಳಂಥ ಕೆಲವರಿಗೆ ಮಾತ್ರ ರಿಯಾಯಿತಿ. ಹಾಗಾಗಿ ನಮ್ಮಲ್ಲಿ ಜನರ ಕೈಯಲ್ಲಿರುವ ಹಳೇ ವೆಬ್ಲಿ, ಕೋಲ್ಟ್, ಸ್ಮಿತ್ ಅಂಡ್ ವೆಸನ್ ಹೆಚ್ಚುಕಮ್ಮಿ ಎಲ್ಲವೂ ಅದಕ್ಕಿಂತ ಮುಂಚೆ ಬಂದವು. ಇರುವ ಲೆಕ್ಕ ಏರುವುದಿಲ್ಲ, ಇಳಿಯುತ್ತಲೇ ಹೋಗುತ್ತದೆ. ಕೆಲವು ತುಕ್ಕು ಹಿಡಿದು ಹೋಗುತ್ತವೆ. ಇನ್ನು ಕೆಲವು ಯಜಮಾನರು ತೀರಿಕೊಂಡ ಮೇಲೆ ಠಾಣೆ ಸೇರಿ, ಮನೆಯವರು ತಿರುಗಿ ನೋಡದೆ, ಸರ್ಕಾರಕ್ಕೆ ಮುಟ್ಟುಗೋಲಾಗುತ್ತವೆ.

2019ರ ಕೊನೆಯಲ್ಲಿ ಶಸ್ತ್ರಾಸ್ತ್ರ ಕಾಯ್ದೆಗೆ ತಿದ್ದುಪಡಿ ಬಂತು. ಒಬ್ಬರಿಗೆ ಮೂರು ಇದ್ದದ್ದು ಎರಡಕ್ಕೆ ಇಳಿಯಿತು. ಮೂರನೆಯದನ್ನು ಒಂದು ವರ್ಷದೊಳಗೆ ಒಪ್ಪಿಸಬೇಕು ಅಂದರು. ಆಗ ಹಳೇ ರಿವಾಲ್ವರ್‌ಗಳು ಹೊಳೆಯಾಗಿ ಹರಿದು ಬಂದಿರಬೇಕು ಅಂತ ನನ್ನ ಲೆಕ್ಕಾಚಾರ. ನಮ್ಮ ಕಡೆ ಹಾಗೇನೂ ಆಗಲಿಲ್ಲ. ಮೂರರಲ್ಲಿ ಒಂದು ಬಿಡಬೇಕು ಅಂದರೆ ಯಾರಾದರೂ ರಿವಾಲ್ವರ್ ಬಿಡ್ತಾರಾ? ಒಂಟಿ ನಳಿಗೆ ಕೋವಿ ಬಿಟ್ಟರು.

ಕೊಡಗಿನ ಸ್ನೇಹಿತನೊಬ್ಬನಿಗೂ ಫೋನ್ ಮಾಡಿದೆ. ಅಲ್ಲಿ ಕೊಡವರಿಗೆ, ಜಮ್ಮಾ (ವಂಶಪಾರಂಪರ್ಯದ) ಹಿಡುವಳಿದಾರರಿಗೆ ಲೈಸೆನ್ಸಿನಿಂದ ವಿನಾಯಿತಿ ಇದೆ. ಬ್ರಿಟಿಷರ ಕಾಲದಿಂದ ಬಂದದ್ದನ್ನು ಕೇಂದ್ರ ಸರ್ಕಾರ 2029ರ ತನಕ ಮುಂದುವರಿಸಿದೆ. ಅಲ್ಲಿ ಮನೆಮನೆಯಲ್ಲೂ ಹಳೇದು ಇರುತ್ತೆ, ಯಾರಾದರೂ ಮಾರಬಹುದು ಅಂತ ನನ್ನ ಆಸೆ. ಅವನು ಒಂದೇ ಮಾತು ಕೇಳಿದ: "ಕೋವಿ ಮಾರ್ಕೊಂಡು ಕೈಲ್‌ಪೊಳ್ದ್ ಹಬ್ಬದ ದಿನ ಪೂಜೆಗೆ ಏನಿಡೋದು ಮಾರಾಯ, ಸೌಟಾ?"

ಬೆಂಗಳೂರಿನ ಒಂದು ಅಂಗಡಿಯಲ್ಲಿ ಕೊನೆಗೂ ಒಂದು ವೆಬ್ಲಿ ಕಣ್ಣಿಗೆ ಬಿತ್ತು. ಗಾಜಿನ ಹಿಂದೆ, ನೀಲಿ ಬಣ್ಣ ಇನ್ನೂ ಮಾಸದೆ, ಕೂತಿತ್ತು. ಎದೆ ಹೊಡೆದುಕೊಂಡಿತು. ಬೋರ್ ಕೇಳಿದರೆ .38. ನಮ್ಮಲ್ಲಿ .38, .455, 9 ಎಂಎಂ ಎಲ್ಲ ನಿಷೇಧಿತ ಬೋರ್. ಅದರ ಲೈಸೆನ್ಸ್ ಡಿಸಿ ಕೈಯಲ್ಲಿಲ್ಲ, ದೆಹಲಿಯ ಗೃಹ ಮಂತ್ರಾಲಯವೇ ಕೊಡಬೇಕು. ಸುಮ್ನೆ ನೋಡಿ ಬಂದೆ.

ಮೈಸೂರಿನಲ್ಲಿ ಸಿಕ್ಕಿದ್ದು .32 ಹೌದು, ಆದರೆ ಗಿಡ್ಡ ತೋಟಾದ್ದು. ಇದನ್ನು ಕೊಳ್ಳುವವರು ನೆನಪಿಟ್ಟುಕೊಳ್ಳಬೇಕು. .32 ಅಂದರೆ ಎಲ್ಲ ಒಂದೇ ಅಲ್ಲ. ಈಗ ನಮ್ಮ ಅಂಗಡಿಗಳಲ್ಲಿ ರಿವಾಲ್ವರಿಗೆ ಸಿಗುವುದು .32 ಲಾಂಗ್ ತೋಟಾ, ಖಡಕಿ ಕಾರ್ಖಾನೆಯದು. ತೀರಾ ಹಳೇ ರಿವಾಲ್ವರ್‌ಗಳ ಸಿಲಿಂಡರಿಗೆ ಅದು ಪೂರ್ತಿ ಇಳಿಯುವುದೇ ಇಲ್ಲ. ಕೊಂಡರೆ ಪೇಪರ್‌ವೇಟ್ ಆಗುತ್ತೆ, ಅಷ್ಟೇ.

ಇನ್ನೊಂದು ಊರಲ್ಲಿ (ಊರಿನ ಹೆಸರು ಬೇಡ) ಕನ್ನಡಿಯ ಹಾಗೆ ಹೊಳೆಯುವ ವೆಬ್ಲಿ ತೋರಿಸಿದರು. .32 ಲಾಂಗೇ. ಬೆಲೆಯೂ ಇಳಿಸಿದರು. ಅಷ್ಟು ಹೊಳೆದದ್ದೇ ನನಗೆ ಅನುಮಾನ. ಟಾರ್ಚ್ ಹಿಡಿದು ಹತ್ತಿರದಿಂದ ನೋಡಿದೆ. ಬರ್ಮಿಂಗ್‌ಹ್ಯಾಮ್ ಅನ್ನುವ ಅಕ್ಷರಗಳು ಅರ್ಧ ಅಳಿಸಿದ್ದವು. ಅಂದರೆ ತುಕ್ಕಿನ ಗುಂಡಿಗಳನ್ನು ಉಜ್ಜಿ ಸವೆಸಿ, ಮೇಲೆ ನಿಕಲ್ ಹೊಡೆಸಿದ್ದಾರೆ. ಸಿಲಿಂಡರಿನ ಮೇಲಿನ ನಂಬರೇ ಬೇರೆ, ಬಾಡಿಯ ಮೇಲಿನ ನಂಬರೇ ಬೇರೆ. ಖಾಲಿ ಇದೆಯಾ ಅಂತ ಎರಡು ಸಲ ನೋಡಿಕೊಂಡು ಕುದುರೆ (ತೋಟಾಕ್ಕೆ ಬಡಿಯುವ ಸುತ್ತಿಗೆ) ಎಳೆದು ನಿಲ್ಲಿಸಿ ಸಿಲಿಂಡರ್ ಅಲ್ಲಾಡಿಸಿದೆ. ಸಡಿಲ ಹಲ್ಲಿನ ಹಾಗೆ ಆಡಿತು. ಆ ಹೊತ್ತಿನಲ್ಲಿ ಸಿಲಿಂಡರ್ ಗಟ್ಟಿಯಾಗಿ ನಿಲ್ಲದಿದ್ದರೆ ಗುಂಡು ನಳಿಗೆಯ ಬಾಯಿಗೆ ನೇರ ಹೋಗುವುದಿಲ್ಲ, ಅಂಚಿಗೆ ತಾಗಿ ಸೀಸದ ಚೂರು ಪಕ್ಕಕ್ಕೆ ಸಿಡಿಯುತ್ತದೆ. "ಯೋಚನೆ ಮಾಡಿ ಹೇಳ್ತೀನಿ" ಅಂತ ಎದ್ದು ಬಂದೆ.

ದಾರಿ ತೆರೆದದ್ದು ಚುನಾವಣೆಯಿಂದ. 2023ರ ವಿಧಾನಸಭೆ ಚುನಾವಣೆ ಘೋಷಣೆಯಾಯಿತು. ಎಂದಿನ ಹಾಗೆ ಕೋವಿ ಒಪ್ಪಿಸಿ ಅಂತ ಠಾಣೆಯಿಂದ ಹೇಳಿಕಳಿಸಿದರು. ಠಾಣೆಯಲ್ಲಿ ಇಟ್ಟರೆ ಮೂಲೆಯಲ್ಲಿ ಒಂದರ ಮೇಲೊಂದು ಒರಗಿಸುತ್ತಾರೆ ಅಂತ ನಾನು ಅಂಗಡಿಯಲ್ಲೇ ಡಿಪಾಸಿಟ್ ಮಾಡುತ್ತೇನೆ. ಅವತ್ತು ಸಾಲು ಉದ್ದ ಇತ್ತು. ಒಳಗಿನ ಕೋಣೆಯ ಕಬ್ಬಿಣದ ಬೀರು ತೆರೆದಿತ್ತು. ಕೋವಿಗಳ ಸಾಲಿನ ಕೆಳಗೆ, ಬಟ್ಟೆ ಚೀಲಗಳಲ್ಲಿ ಏಳೆಂಟು ಕೈ ಆಯುಧಗಳು. ಚೀಟಿಗಳು ಹಳದಿ ಬಣ್ಣಕ್ಕೆ ತಿರುಗಿದ್ದವು. ಚುನಾವಣೆಗೆ ಇಟ್ಟವಲ್ಲ ಅಂತ ನೋಡಿದರೇ ತಿಳಿಯುತ್ತಿತ್ತು.

"ಇವೆಲ್ಲ ಯಾರ್ದು?" ಅಂದೆ.

"ಯಜಮಾನ್ರು ತೀರ್ಕೊಂಡೋರ್ದು ಗೌಡ್ರೇ. ಮಕ್ಳು ಬೆಂಗ್ಳೂರು, ಅಮೆರಿಕಾ. ಲೈಸೆನ್ಸ್ ಮಾಡಿಸ್ಕೊಳಲ್ಲ, ಮಾರಿ ಅಂತಾನೂ ಹೇಳಲ್ಲ. ಬಾಡಿಗೆನೂ ಕಟ್ಟಲ್ಲ."

ಒಂದೂವರೆ ವರ್ಷ ನಾನು ಕೇಳಿದ ಪ್ರಶ್ನೆಯೇ ತಪ್ಪು. "ಮಾರೋಕೆ ಏನಿದೆ?" ಅಂತ ಕೇಳುತ್ತಿದ್ದೆ. ಅವರು ಗಾಜಿನ ಬೀರು ತೋರಿಸುತ್ತಿದ್ದರು. "ಡಿಪಾಸಿಟ್‌ನಲ್ಲಿ ಏನಿದೆ, ಯಾರ ಮನೆಯವರಿಗೆ ಬೇಡವಾಗಿದೆ?" ಅಂತ ಕೇಳಬೇಕಿತ್ತು. ಆ ಬೀರುವಿನಲ್ಲಿ ಒಂದು ವೆಬ್ಲಿ ಮಾರ್ಕ್ 4 ಇತ್ತು. .32, ಮೂರು ಇಂಚಿನ ನಳಿಗೆ.

ಅಂಗಡಿಯವರೇ ಆ ಮನೆಗೆ ಫೋನ್ ಮಾಡಿದರು. ಮುಂದಿನ ಭಾನುವಾರ ನಾನೇ ಹೋದೆ. ಎಂಬತ್ತು ದಾಟಿದ ಅಮ್ಮ, ಕಾಫಿ ಕೊಟ್ಟರು. "ಅದನ್ನ ಕಂಡ್ರೆ ನಂಗೆ ಮೊದ್ಲಿಂದ್ಲೂ ಆಗಲ್ಲ ಕಣಪ್ಪ. ಅವ್ರು ತಲೆದಿಂಬಿನ ಕೆಳಗೆ ಇಟ್ಕೊಂಡು ಮಲಗೋರು, ನಂಗೆ ನಿದ್ದೆ ಬರ್ತಿರ್ಲಿಲ್ಲ" ಅಂದರು. ಬೆಲೆಯ ಮಾತು ಹತ್ತು ನಿಮಿಷದಲ್ಲಿ ಮುಗಿಯಿತು. ಎಷ್ಟು ಅಂತ ಬರೆಯಲ್ಲ, ನಮ್ಮನೆಯವಳು ಇದನ್ನು ಓದಬಹುದು. ಒಂದು ಹಳೇ ಜೀಪು ಬರುತ್ತಿತ್ತು.

ಕಾಗದಕ್ಕೆ ಏಳು ತಿಂಗಳು ಹಿಡಿಯಿತು. ಮರಣ ಪತ್ರ, ವಂಶವೃಕ್ಷ, ಮೂರು ಮಕ್ಕಳ ಒಪ್ಪಿಗೆ ಪತ್ರ. ಅಮೆರಿಕದ ಮಗನ ಸಹಿ ಒಂದಕ್ಕೇ ಎರಡು ತಿಂಗಳು. ಹಳೇ ಲೈಸೆನ್ಸಿನಲ್ಲಿ ರಿವಾಲ್ವರಿನ ನಂಬರಿನ ಒಂದು ಅಂಕಿ ತಪ್ಪಾಗಿತ್ತು. ಯಾವ ಕಾಲದ ಗುಮಾಸ್ತರು 3ನ್ನು 8 ಮಾಡಿದರೋ! ಅದನ್ನು ತಿದ್ದಿಸಲು ಇನ್ನೆರಡು ತಿಂಗಳು. ಮೊದಲೇ ನಂಬರ್ ಹೊಂದಿಸಿ ನೋಡಿಕೊಳ್ಳಿ, ದುಡ್ಡು ಕೊಡುವ ಮುಂಚೆ. ಅಂಗಡಿಯ ಮೂಲಕ ಹೋಗದೆ ಲೈಸೆನ್ಸ್ ಇರುವ ಒಬ್ಬರಿಂದ ಇನ್ನೊಬ್ಬರು ನೇರವಾಗಿಯೂ ಕೊಳ್ಳಬಹುದು. ಆದರೆ ಮಾರುವವರು ಜಿಲ್ಲಾ ಮ್ಯಾಜಿಸ್ಟ್ರೇಟರಿಗೋ ಹತ್ತಿರದ ಠಾಣೆಗೋ ಬರೆದು ತಿಳಿಸಿ 45 ದಿನ ಕಾಯಬೇಕು.

2024ರ ಜನವರಿಯಲ್ಲಿ ಕೈಗೆ ಬಂತು. ಚರ್ಮದ ಚೀಲದಲ್ಲೇ ವರ್ಷಗಟ್ಟಲೆ ಇಟ್ಟಿದ್ದಕ್ಕೆ ನಳಿಗೆಯ ಎಡಗಡೆ, ಚರ್ಮ ತಾಗಿದ ಕಡೆಯೆಲ್ಲ, ಸಾಸಿವೆ ಗಾತ್ರದ ತುಕ್ಕಿನ ಗುಂಡಿಗಳು. ಮಲೆನಾಡಿನ ಮಳೆಗಾಲದಲ್ಲಿ ಚರ್ಮ ನೀರು ಹೀರುತ್ತೆ, ಕಬ್ಬಿಣಕ್ಕೆ ಕೊಡುತ್ತೆ. ನಳಿಗೆಯ ಒಳಗೆ ಮಾತ್ರ ಗೆರೆಗಳು ಚೂಪಾಗಿವೆ. ಕೊಂಡಿ ಬಿಗಿಯಾಗಿದೆ. ಮಡಚುವ ಕೀಲಿನಲ್ಲಿ ಒಂದಿಷ್ಟೂ ಆಟ ಇಲ್ಲ. ಪಕ್ಕದಲ್ಲಿ ವೆಬ್ಲಿ ಕಂಪನಿಯ ರೆಕ್ಕೆ ಇರುವ ಗುಂಡಿನ ಗುರುತು ಸ್ಪಷ್ಟವಾಗಿ ಕಾಣುತ್ತದೆ. ಡಿಸಿ ಆಫೀಸಿಗೆ ಒಯ್ದು ತೋರಿಸಿ ನಂಬರ್ ಬರೆಸಿದೆ. ಗುಮಾಸ್ತರು ಕೈಯಲ್ಲಿ ತೂಗಿ ನೋಡಿ "ಇದು ಓಡುತ್ತಾ ಸಾರ್?" ಅಂದರು.

ಓಡುತ್ತೆ. ಖಾಲಿ ತೋಟಾ ಐದು ಎದ್ದು ಬರುತ್ತವೆ, ಒಂದು ಮಾತ್ರ ಸಿಲಿಂಡರಿನ ಗೂಡಿಗೆ ಕಚ್ಚಿಕೊಳ್ಳುತ್ತೆ. ಉಗುರಿನಿಂದ ಎಬ್ಬಿಸಬೇಕು.

ಮೊನ್ನೆ ಅದೇ ಅಂಗಡಿಯವರ ಫೋನ್. "ಗೌಡ್ರೇ, ಮೂಡಿಗೆರೆ ಕಡೆಯಿಂದ ಒಬ್ರು ಬಂದಿದ್ದಾರೆ. ಹಳೇ ವೆಬ್ಲಿನೇ ಬೇಕಂತೆ. ನೀವು ಕೊಟ್ಟಿದ್ದಕ್ಕಿಂತ ಒಂದು ಲಕ್ಷ ಜಾಸ್ತಿ ಕೊಡ್ತಾರಂತೆ."

"ಕಾನ್ಪುರದ್ದು ತೋರಿಸಿ" ಅಂದೆ.